ಮುಳ್ಳು ಮೇಸ್ತ್ರಿಯ ಡಬ್ಬಿಯಲ್ಲಿದ್ದ ಹನ್ನೊಂದು ತುಂಡು

ನಮ್ಮಪ್ಪನ ಬಗ್ಗೆ ನಾಲ್ಕು ಮಾತಾಡು ಎಂದರೆ ನನಗೆ ಮೊದಲು ಬರುವುದು ಸಿಟ್ಟು, ಮಾತು ಆಮೇಲೆ. ಹೋದ ತಿಂಗಳು ವರ್ತಕರ ಸಂಘದ ಅಧ್ಯಕ್ಷರು ನನ್ನ ಅಂಗಡಿಗೆ ಬಂದು ಅದನ್ನೇ ಕೇಳಿದರು. ಅವರದು ಸಕ್ಕರೆ ಮಂಡಿ. ಮಾರುಕಟ್ಟೆಯ ಹೊಸ ಸಭಾಂಗಣದ ಗೋಡೆಗೆ ಅಪ್ಪನ ಫೋಟೊ ಹಾಕುತ್ತಾರಂತೆ, ಭಾನುವಾರ ಬೆಳಗ್ಗೆ ಹತ್ತಕ್ಕೆ ಅಮ್ಮನನ್ನೂ ಕರೆದುಕೊಂಡು ಬರಬೇಕಂತೆ.

“ನಲವತ್ತು ವರ್ಷ ನಿಮ್ಮ ತಂದೆಯವರು ನಮ್ಮ ತಕ್ಕಡಿ ನೋಡ್ಕೊಂಡ್ರು. ಈ ಮಾರ್ಕೆಟ್ಟಲ್ಲಿ ತೂಕದ ಮೋಸ ಅಂತ ಒಬ್ಬ ಗಿರಾಕಿ ಬಾಯಿ ಬಿಟ್ಟಿಲ್ಲ. ಅಂಥವರದ್ದು ಬಿಟ್ಟು ಇನ್ಯಾರ ಫೋಟೊ ಹಾಕೋಣ ಹೇಳಿ,” ಎಂದರು. “ಅವರ ಹಳೇ ಸಾಮಾನು ಒಂದೆರಡು ಇದ್ರೆ ತನ್ನಿ. ಗಾಜಿನ ಕಪಾಟಲ್ಲಿ ಇಡೋಣ.”

ಅಪ್ಪ ಸತ್ತು ಒಂಬತ್ತು ವರ್ಷವಾಯಿತು. ಬದುಕಿದ್ದಾಗ ಇದೇ ಯಜಮಾನರುಗಳು ಅಪ್ಪ ಎದುರು ಬಂದರೆ ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದರು. ಅದನ್ನು ಮುಖಕ್ಕೇ ಹೇಳಬೇಕು ಅನ್ನಿಸಿತು. ಆದರೆ ಹೆತ್ತವರನ್ನು ಹೊಗಳಿದರೆ ಯಾರಿಗೆ ಬೇಡ? ಆಗಲಿ, ಬರ್ತೀವಿ ಅಂದೆ.

ಅಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದ. ಒಂದು ದಂಡ, ಎರಡು ತಟ್ಟೆ, ನಡುವೆ ಮುಳ್ಳು ಇರುವ ಹಳೇ ಕಾಲದ ತಕ್ಕಡಿ. ಎಲ್ಲರ ಬಾಯಲ್ಲೂ ಅವನು ಮುಳ್ಳು ಮೇಸ್ತ್ರಿ. ಮುಳ್ಳು ನೆಟ್ಟಗೆ ನಿಲ್ಲಿಸುವ ಕೆಲಸದಿಂದ ಬಂದ ಹೆಸರು ಎಂದು ಅಪ್ಪ ಹೇಳುತ್ತಿದ್ದ. ಅದು ಬಂದದ್ದು ಅವನ ನಾಲಿಗೆಯಿಂದ ಎಂದು ಅಮ್ಮ. ಅಂಗಡಿಯಲ್ಲಿ ಫ್ಯಾನು ಇರಲಿಲ್ಲ, ಯಾಕೆಂದರೆ ಗಾಳಿಗೆ ತಟ್ಟೆ ಅಲ್ಲಾಡುತ್ತದೆ. ಬೇಸಿಗೆಯಲ್ಲೂ ಬಾಗಿಲು ಮುಚ್ಚಿಕೊಂಡು, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುವವರೆಗೆ ಬಗ್ಗಿ ಕೂತಿರುತ್ತಿದ್ದ. ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿಯುತ್ತಿದ್ದ. ಎದುರಿಗೆ ಯಾರಾದರೂ ಬಂದರೆ, “ಉಸಿರು ಆಚೆ ಬಿಟ್ಟು ಒಳಗೆ ಬನ್ನಿ,” ಅನ್ನುತ್ತಿದ್ದ. ನನಗಂತೂ ಈಗಲೂ ತೂಕ ನೋಡುವಾಗ ಉಸಿರು ತಾನಾಗಿಯೇ ನಿಲ್ಲುತ್ತದೆ. ಬ್ಯಾಟರಿಯ ತಕ್ಕಡಿಗೆ ಅದರ ಅಗತ್ಯವೇ ಇಲ್ಲ.

ಹೌದು, ನಾನು ರಿಪೇರಿ ಮಾಡುವುದು ಬ್ಯಾಟರಿಯ ತಕ್ಕಡಿ. ಅಪ್ಪ ಹೋದ ಮೇಲೆ ಆರು ತಿಂಗಳು ತರಬೇತಿಗೆ ಹೋಗಿ ಕಲಿತೆ. ಅಪ್ಪ ನನಗೆ ಏನೂ ಕಲಿಸಲಿಲ್ಲ. ಪೆಟ್ಟಿಗೆ ಮುಟ್ಟಿದರೆ ಕೈ ಮೇಲೆ ಅಡಿಕೋಲಿನ ಏಟು ಬೀಳುತ್ತಿತ್ತು. ಕಲಿಸಿದ್ದರೆ ಈ ಪೇಚಾಟ ಇರುತ್ತಿರಲಿಲ್ಲ.

ಒಂದು ಸಂಗತಿ ಮಾತ್ರ ನನಗೂ ಗೊತ್ತಿತ್ತು, ಇಡೀ ಮಾರುಕಟ್ಟೆಗೂ ಗೊತ್ತಿತ್ತು. ಅಪ್ಪ ಹಳೇ ಭಾಗವನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಹೊಸದು ಹಾಕಿದರೆ, ಬಿಚ್ಚಿದ್ದನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೆ ಇಡುತ್ತಿದ್ದ. “ನಿಮ್ಮದು ನಿಮಗೆ,” ಅನ್ನುತ್ತಿದ್ದ. ಮುರಿದ ಸ್ಕ್ರೂ ಇದ್ದರೂ ಸರಿಯೇ. ಜನ ಅದನ್ನು ಚರಂಡಿಗೆ ಎಸೆದು ಹೋಗುತ್ತಿದ್ದರು. ಅದು ಅವರಿಗೆ ಬಿಟ್ಟಿದ್ದು ಎನ್ನುವುದು ಅಪ್ಪನ ಲೆಕ್ಕ.

ಇನ್ನೊಂದು ಸಂಗತಿಯ ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಅಣ್ಣ, ನನ್ನ ಸೋದರಮಾವ, ಅದೇ ಮಾರುಕಟ್ಟೆಯಲ್ಲಿ ಬೇಳೆಕಾಳಿನ ಅಂಗಡಿ ಇಟ್ಟುಕೊಂಡಿದ್ದರು. ಅಪ್ಪನಿಗೆ ಸ್ನೇಹಿತ ಅಂತ ಇದ್ದದ್ದು ಅವರೊಬ್ಬರೇ. ಪ್ರತಿ ಭಾನುವಾರ ಬಂದು ಅಪ್ಪನ ಎದುರು ಚದುರಂಗ ಹರಡಿಕೊಂಡು ಕೂರುತ್ತಿದ್ದರು. ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಭಾನುವಾರ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಅಪ್ಪ ಸಾಯುವವರೆಗೆ ಇಪ್ಪತ್ತೆರಡು ವರ್ಷ ಅವರಿಬ್ಬರ ನಡುವೆ ಮಾತಿರಲಿಲ್ಲ. ಯಾವುದೋ ಮದುವೆಯಲ್ಲಿ ಅಪ್ಪನಿಗೆ ಕಂಬದ ಹಿಂದೆ ಕುರ್ಚಿ ಹಾಕಿದ್ದರಂತೆ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಚದುರಂಗದಲ್ಲಿ ಯಾರೋ ಕಾಯಿ ಕದ್ದರಂತೆ ಎಂದು ಚಿಕ್ಕಪ್ಪ. ಅಮ್ಮ ಇಬ್ಬರ ನಡುವೆ ಅಡಕತ್ತರಿಗೆ ಸಿಕ್ಕಿದ ಅಡಿಕೆಯಾಗಿದ್ದಳು. ಇಬ್ಬರನ್ನೂ ಕೇಳಿದ್ದಳು. ಇಬ್ಬರೂ “ಏನಿಲ್ಲ” ಎಂದಿದ್ದರು. ಅಪ್ಪ ಸತ್ತ ದಿನ ಮಾವ ಗೇಟಿನ ಹತ್ತಿರ ನಿಂತು, ಒಳಗೆ ಬರದೆ ಹಾಗೇ ಹೋದರು. ನಾನು ಅವರನ್ನು ಕ್ಷಮಿಸಿರಲಿಲ್ಲ.

ಸರಿ, ಗಾಜಿನ ಕಪಾಟಿಗೆ ಏನಾದರೂ ಕೊಡಬೇಕಲ್ಲ ಎಂದು ಆ ಸಂಜೆ ಪೆಟ್ಟಿಗೆ ತೆಗೆದೆ. ಒಂಬತ್ತು ವರ್ಷದಿಂದ ಅಮ್ಮನ ಮಂಚದ ಕೆಳಗಿತ್ತು. ಮರದ ಪೆಟ್ಟಿಗೆ, ಮೂಲೆಗೆ ಕಬ್ಬಿಣದ ಪಟ್ಟಿ, ಮೇಲೆ ಚರ್ಮದ ಹಿಡಿ. ಮೇಲಿನ ಅರೆಯಲ್ಲಿ ಉಕ್ಕು ಉಜ್ಜುವ ಅರಗಳು, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ. ಕೆಳಗೆ ಇಕ್ಕಳ, ಪುಟ್ಟ ಸುತ್ತಿಗೆ, ಹಿತ್ತಾಳೆಯ ತೂಕದ ಕಲ್ಲುಗಳು. ಅದರ ಕೆಳಗಿನ ಹಲಗೆ ಎತ್ತಿದರೆ ಚಪ್ಪಟೆಯ ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಹನ್ನೊಂದು ಉಕ್ಕಿನ ತುಂಡು.

ಏನು ಎಂದು ತಲೆಬುಡ ಗೊತ್ತಾಗಲಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಅಗಲ, ಮೂರು ಮೂಲೆ, ಒಂದು ಕಡೆ ಕತ್ತಿಯ ಬಾಯಿಯ ಹಾಗೆ ಚೂಪು. ಆದರೆ ಆ ಚೂಪು ನೇರವಾಗಿ ನಡುವೆ ಇಲ್ಲ, ಪಕ್ಕಕ್ಕೆ ವಾಲಿದೆ. ಹನ್ನೊಂದೂ ಹಾಗೇ ಸೊಟ್ಟ. ತಕ್ಕಡಿಯ ಭಾಗ ಎಂದು ನನಗೆ ಹೊಳೆಯಲೇ ಇಲ್ಲ. ತಕ್ಕಡಿಯಲ್ಲಿ ಸೊಟ್ಟಗಿರುವುದು ಏನೂ ಇರಕೂಡದು ಎನ್ನುವುದು ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ಒಂದೊಂದಕ್ಕೂ ಸೊಂಟದ ಸುತ್ತ ಎಣ್ಣೆಜಿಡ್ಡು ಹಿಡಿದ ಕರಿ ದಾರ ಸುತ್ತಿತ್ತು. ಗಾಜಿನ ಕಪಾಟಿನಲ್ಲಿ ಇಡುವುದಲ್ಲವೇ, ಚೊಕ್ಕಟವಾಗಿರಲಿ ಎಂದು ಕತ್ತರಿಯಿಂದ ದಾರ ಕತ್ತರಿಸಿ, ಬಟ್ಟಲಿಗೆ ಸೀಮೆಎಣ್ಣೆ ಸುರಿದು, ಎಲ್ಲವನ್ನೂ ನೆನೆಹಾಕಿ, ಹಳೇ ಬ್ರಷ್ಷಿನಿಂದ ಉಜ್ಜಿದೆ. ಪಳಪಳ ಹೊಳೆದವು. ನನ್ನ ಜಾಣತನಕ್ಕೆ ಏನು ಹೇಳಲಿ.

ಮಾರನೆಯ ದಿನ ಮೂರು ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮಾರುಕಟ್ಟೆಗೆ ಹೋದೆ. ಕಪಾಟಿನಲ್ಲಿ ಇಡಬೇಕಾದರೆ ಕೆಳಗೆ ಹೆಸರು ಬರೆಯಬೇಕಲ್ಲ. ಮೊದಲು ಗಡಿಯಾರದವನನ್ನು ಕೇಳಿದೆ. ಭೂತಗಾಜು ಕಣ್ಣಿಗೆ ಸಿಕ್ಕಿಸಿ ನೋಡಿ, “ಗಡಿಯಾರದ್ದಲ್ಲ ಅಕ್ಕ, ಏನು ಅಂತ ನಂಗೊತ್ತಿಲ್ಲ,” ಅಂದ. ಬೀಗದ ಕೈ ಮಾಡುವವನೂ ಗೊತ್ತಿಲ್ಲ ಅಂದ. ದರ್ಜಿಯೂ ಅಷ್ಟೇ.

ಆಮೇಲೆ ಎಣ್ಣೆ ಅಂಗಡಿಗೆ ಹೋದೆ. ಯಜಮಾನರು ತುಂಡನ್ನು ಕೈಗೂ ತೆಗೆದುಕೊಳ್ಳಲಿಲ್ಲ. “ನಲ್ಲೀದು,” ಅಂದರು. “ಹಳೇ ನಲ್ಲಿ ಒಳಗೆ ಇರ್ತಿತ್ತು.” ಒಣಹಣ್ಣಿನ ಅಂಗಡಿಯವರು ಛತ್ರಿಯದು ಅಂದರು. ಮೊಳೆ ಮಾರುವವರು ಹೊಲಿಗೆ ಯಂತ್ರದ್ದು ಅಂದರು. ಈಗ ತಾನೇ ದರ್ಜಿ ಅಲ್ಲ ಅಂದನಲ್ಲ ಎಂದರೆ, “ಅವನಿಗೇನು ಗೊತ್ತು, ನಿನ್ನೆ ಮೊನ್ನೆ ಬಂದೋನು,” ಅಂದರು. ದರ್ಜಿ ಅಲ್ಲಿ ಕೂತು ಮೂವತ್ತು ವರ್ಷವಾಗಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಇನ್ನೂ ವಿಚಿತ್ರವೆಂದರೆ, ಈ ಮೂವರು ಯಜಮಾನರೂ ನನಗೆ ಕುರ್ಚಿ ಹಾಕಿದರು, ಚಹಾ ತರಿಸಿದರು, ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದರು. ಮೂರು ಅಂಗಡಿಯಲ್ಲಿ ಮೂರು ಲೋಟ ಚಹಾ ಕುಡಿದೆ. ಈ ಜನ ಒಂದು ಲೋಟ ನೀರು ಕೊಡಬೇಕಾದರೂ ಹಿಂದೆ ಮುಂದೆ ನೋಡುವವರು.

ಮಾವನ ಅಂಗಡಿ ಈಗ ಅವರ ಮಗ ನೋಡಿಕೊಳ್ಳುತ್ತಾನೆ. ಮಾವ ಹೊರಗೆ ಸ್ಟೂಲಿನ ಮೇಲೆ ಕೋಲು ಹಿಡಿದು ಕೂತಿರುತ್ತಾರೆ. ನಾನು ಎದುರಾದರೆ “ಚೆನ್ನಾಗಿದೀಯಾ” ಅನ್ನುವುದಷ್ಟೇ ನಮ್ಮ ಮಾತು. ಆ ದಿನ ಯಾಕೋ ಅವರ ಮುಂದೆಯೂ ಅಂಗೈ ಚಾಚಿದೆ.

“ಇದೇನು ಅಂತ ಗೊತ್ತಾ ಮಾವ? ಅಪ್ಪನ ಪೆಟ್ಟಿಗೇಲಿತ್ತು.”

ಅವರು ಒಂದೊಂದನ್ನೇ ತಿರುಗಿಸಿ ನೋಡಿದರು. “ಎಷ್ಟಿವೆ?” ಎಂದರು.

“ಹನ್ನೊಂದು.”

“ಹನ್ನೊಂದಾ,” ಎಂದರು. ಆಮೇಲೆ ಇನ್ನೊಮ್ಮೆ, ಮೆಲ್ಲಗೆ, “ಅಷ್ಟೊಂದಾ.” ಕೋಲೂರಿ ಎದ್ದು ಅಂಗಡಿಯ ಒಳಗೆ ಹೋದರು. ವಯಸ್ಸಾಯಿತು, ಮರೆವು ಇರಬೇಕು ಎಂದುಕೊಂಡು ಬಂದೆ.

ಅಂದು ಮಧ್ಯಾಹ್ನವೇ ಅಧ್ಯಕ್ಷರ ಫೋನು. ಪೆಟ್ಟಿಗೆ ತರುವ ತೊಂದರೆ ತೆಗೆದುಕೊಳ್ಳಬೇಡಿ, ಫೋಟೊ ಇದ್ದರೆ ಸಾಕು ಎಂದರು. “ಮತ್ತೆ ಆ ಹಳೇ ಕಬ್ಬಿಣ ಎಲ್ಲ ಯಾಕೆ ಇಟ್ಕೋತೀರಿ, ಗುಜರಿಗೆ ಹಾಕಿ,” ಎಂದರು. ನಾನು ಅವರಿಗೆ ತುಂಡು ತೋರಿಸಿಯೇ ಇರಲಿಲ್ಲ. ಇವರಿಗೆ ಹೇಗೆ ಗೊತ್ತು ಎಂದು ಯೋಚಿಸುತ್ತಾ ಫೋನು ಇಟ್ಟೆ.

ಇನ್ನು ಕೇಳಬೇಕಾದವರು ಒಬ್ಬರೇ ಉಳಿದಿದ್ದರು. ಸೇತುವೆಯ ಆಚೆ ಇನ್ನೊಬ್ಬ ಹಳೇ ತಕ್ಕಡಿ ಮೇಸ್ತ್ರಿ ಇದ್ದಾರೆ, ಅಪ್ಪನಿಗೆ ಆಗದವರು. ಕಣ್ಣು ಮಂಜಾಗಿದೆ, ಕೆಲಸ ಬಿಟ್ಟಿದ್ದಾರೆ. ಶುಕ್ರವಾರ ಅವರ ಮನೆಗೆ ಹೋಗಿ ಒಂದು ತುಂಡು ಕೈಗೆ ಕೊಟ್ಟೆ. ಅವರು ನೋಡಲಿಲ್ಲ, ಹೆಬ್ಬೆರಳಿನಲ್ಲಿ ಸವರಿದರು. ಮುಖ ಗಂಟಿಕ್ಕಿತು.

“ಎಲ್ಲಿತ್ತು ಇದು?”

“ಅಪ್ಪನ ಪೆಟ್ಟಿಗೇಲಿ.”

“ಹಾಗಾದ್ರೆ ನಾನೇನೂ ಹೇಳಲ್ಲ.”

“ಹೇಳೋವರೆಗೂ ನಾನು ಏಳಲ್ಲ.”

“ಮುಳ್ಳು ಮೇಸ್ತ್ರಿ ಮಗಳೇ ಸರಿ,” ಎಂದು ನಕ್ಕರು. ಮೇಜಿನ ಮೇಲಿದ್ದ ಪೆನ್ಸಿಲ್ಲನ್ನು ತೋರುಬೆರಳಿನ ಮೇಲೆ ಅಡ್ಡವಾಗಿ ನಿಲ್ಲಿಸಿದರು. “ಇದು ದಂಡ, ಬೆರಳು ಇದೆಯಲ್ಲ, ಅದು ಅಲಗು. ದಂಡ ಕೂರೋದೇ ಅಲಗಿನ ಮೇಲೆ. ಅದು ನಟ್ಟನಡುವೆ ಇರ್ಬೇಕು. ನೀನು ತಂದಿರೋದು ಒಂದು ಎಳ್ಳುಕಾಳಿನಷ್ಟು ಪಕ್ಕಕ್ಕಿದೆ. ದಂಡ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಆಗುತ್ತೆ. ಗಿಡ್ಡ ಕಡೆ ತಟ್ಟೆ ಅಡೀಲಿ ಚೂರು ಸೀಸ ಅಂಟಿಸಿದ್ರೆ, ಖಾಲಿ ಇದ್ದಾಗ ಮುಳ್ಳು ನೆಟ್ಟಗೇ ನಿಲ್ಲುತ್ತೆ. ಉದ್ದ ಕಡೆ ಸರಕು ಬಿದ್ದಮೇಲೆ ಕಿಲೋಗೆ ಇಪ್ಪತ್ತು ಗ್ರಾಂ ಅಂಗಡಿಯವನ ಪಾಲು.”

“ಅಪ್ಪ ಮಾಡಿದ್ದಾ?”

“ಇಂಥದ್ದು ಮಾಡೋಕೆ ಒಳ್ಳೇ ಕೈ ಬೇಕು. ಇಲ್ಲಿ ಅಂಥ ಕೈ ಇದ್ದಿದ್ದು ಎರಡು. ಒಂದು ನಂದು.”

“ಅಂದ್ರೆ ನೀವು ಮಾಡಿದ್ದಾ?”

“ನೋಡು, ಬಾಯಿ ನೋಡು ಇವಳದು,” ಎಂದರು, ಸಿಟ್ಟಿಲ್ಲದೆ. “ಹೊರಗಡೆಯಿಂದಾನೂ ಬರ್ತಿದ್ವು. ನಾನು ಕಂಡವನಲ್ಲ. ಆದ್ರೆ ಇದು ಸವೆದಿದೆ. ವರ್ಷಗಟ್ಟಲೆ ಕೆಲಸ ಮಾಡಿರೋ ಅಲಗು.”

“ಅಪ್ಪ ಮಾಡಿಕೊಟ್ಟಿದ್ರೆ ಅದು ಅವರ ತಕ್ಕಡೀಲಿರ್ಬೇಕು. ನಮ್ಮ ಡಬ್ಬೀಲಿ ಯಾಕಿರುತ್ತೆ?”

“ತಪಾಸಣೆಯವರು ಬರ್ತಾರೆ ಅಂದ್ರೆ ಮೇಸ್ತ್ರಿ ಹತ್ರ ಬಿಚ್ಚಿಸಿ ಇಡೋದು, ಅವರು ಹೋದಮೇಲೆ ಮತ್ತೆ ಹಾಕಿಸ್ಕೊಳ್ಳೋದು, ಅದೂ ಇತ್ತಮ್ಮ. ನಿಮ್ಮಪ್ಪ ಹಾಗೆ ಮಾಡಿದ್ದ ಅಂತ ನಾನು ಹೇಳ್ತಿಲ್ಲ. ಮಾಡಿರ್ಲಿಲ್ಲ ಅಂತಾನೂ ಹೇಳೋಕೆ ನಾನ್ಯಾರು?”

ಸೇತುವೆ ದಾಟಿ ಬರುವಾಗ ಯಜಮಾನರು ಒಬ್ಬೊಬ್ಬರೂ ಕೊಟ್ಟ ಉತ್ತರ ನೆನೆದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದರು ಆ ಮಹಾನುಭಾವರು, ಅದು ಈಗ ಅರ್ಥವಾಯಿತು. ತಕ್ಕಡಿ ಇಲ್ಲದ ಗಡಿಯಾರದವನಿಗೆ, ದರ್ಜಿಗೆ ಗೊತ್ತಿರಲಿಲ್ಲ. ತಕ್ಕಡಿ ಇದ್ದವರಿಗೆಲ್ಲ ಗೊತ್ತಿತ್ತು. ಅವರು ಕಳ್ಳರು, ಸರಿ. ಆದರೆ ಅಪ್ಪ ಯಾರು? ಕಳ್ಳರ ಕಳ್ಳತನ ಹಿಡಿದವನೋ, ಅದಕ್ಕೆ ಕೈಜೋಡಿಸಿದವನೋ? ಹಿಡಿದಿದ್ದರೆ ಯಾರಿಗೂ ಯಾಕೆ ಹೇಳಲಿಲ್ಲ? ಸಾಸಿವೆಯಷ್ಟು ತಪ್ಪಿಗೆ ಮನೆಯ ಚಾವಣಿ ಹಾರಿಸುವ ಮನುಷ್ಯ ಇಂಥದ್ದನ್ನು ನುಂಗಿಕೊಂಡು ಕೂತನೇ? ಹಳೇದು ಇಟ್ಟುಕೊಳ್ಳಲ್ಲ ಅನ್ನುವವನ ಪೆಟ್ಟಿಗೆಯ ತಳದಲ್ಲಿ ಹಳೇದು ಹನ್ನೊಂದು. ಯೋಚಿಸಿದಷ್ಟೂ ತಲೆ ಕೆಟ್ಟು ಗೊಬ್ಬರವಾಯಿತು. ಈ ಸಂಘದವರು ಫೋಟೊ ಹಾಕುತ್ತಿರುವುದು ಅಪ್ಪ ಬಾಯಿ ಮುಚ್ಚಿಕೊಂಡು ಇದ್ದದ್ದಕ್ಕೋ ಏನೋ ಎಂದೂ ಅನ್ನಿಸಿತು. ನನ್ನ ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರಿಲ್ಲ. ‘ಮುಳ್ಳು ಮೇಸ್ತ್ರಿ ತಕ್ಕಡಿ ಅಂಗಡಿ’ ಎಂದೇ ಇದೆ. ಗಿರಾಕಿಗಳು ಬರುವುದು ಆ ಹೆಸರಿಗೆ. ನಾನು ಬೆಳಗ್ಗೆ ಎದ್ದು ಬಾಗಿಲು ತೆಗೆಯುವುದೂ ಆ ಹೆಸರಿಗೇ.

ಶನಿವಾರ ಬೆಳಗ್ಗೆ ಅಮ್ಮನಿಗೆ ಹೇಳಿದೆ, ನಾಳೆ ನಾವು ಹೋಗುವುದು ಬೇಡ. ಅವಳು ಕಾರಣ ಕೇಳಿದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಸಿಟ್ಟು ಮಾಡಲು ಬರುತ್ತದೆ. ಬಚ್ಚಲ ಪಕ್ಕದಲ್ಲಿಟ್ಟಿದ್ದ ಬಟ್ಟಲನ್ನು ತಂದು ಅಡುಗೆಮನೆಯ ನೆಲದ ಮೇಲೆ ಕುಕ್ಕಿದೆ. “ನೋಡು ನಿನ್ನ ಗಂಡ ಏನು ಇಟ್ಕೊಂಡಿದ್ದ ಅಂತ,” ಎಂದು ಎಲ್ಲವನ್ನೂ ಹೇಳಿದೆ.

ಅಮ್ಮ ತುಂಡುಗಳನ್ನು ನೋಡಲೇ ಇಲ್ಲ. ಸೀಮೆಎಣ್ಣೆಯಲ್ಲಿ ತೇಲುತ್ತಿದ್ದ ದಾರದ ಚೂರೊಂದನ್ನು ಎರಡು ಬೆರಳಲ್ಲಿ ಎತ್ತಿದಳು. ಮೂರು ದಿನ ನೆನೆದು ಕರಿ ಬಿಟ್ಟು ಬೆಳ್ಳಗಾಗಿತ್ತು.

“ಇದನ್ನ ಯಾರು ಕತ್ತರಿಸಿದ್ದು?”

“ನಾನೇ. ಕೊಳೆಯಾಗಿತ್ತು.”

“ಎಲ್ಲದಕ್ಕೂ ಕಟ್ಟಿತ್ತಾ?”

“ಹನ್ನೊಂದಕ್ಕೂ ಇತ್ತು. ಯಾಕೆ?”

ಅಮ್ಮ ಆ ಚೂರನ್ನು ಸೆರಗಿನಲ್ಲಿ ಒರೆಸಿದಳು. “ನೀನು ಹುಟ್ಟೋಕೆ ಮುಂಚೆ ಅಂಗಡಿ ಇರ್ಲಿಲ್ಲ, ಈ ಮುಂದಿನ ಕೋಣೇಲೇ ಕೆಲಸ. ಅವರು ಬಿಚ್ಚಿ ಬಿಚ್ಚಿ ಕೊಡೋರು, ದಾರ ಕಟ್ಟೋಳು ನಾನು. ದಾರ ಕಟ್ಟಿದ್ದು ಗಿರಾಕೀದು, ನಮ್ಮದಲ್ಲ ಅಂತ ಗುರುತು. ಕಾಗದಕ್ಕೆ ಸುತ್ತಿ ಕೊಡುವಾಗ ಬಿಚ್ಚೋದು. ಹೊಸದಕ್ಕೆ ದಾರ ಕಟ್ಟಲ್ಲ, ಮತ್ತೆ ಹಾಕೋದಕ್ಕೂ ಕಟ್ಟಲ್ಲ. ವಾಪಸ್ ಹೋಗೋದಕ್ಕೆ ಮಾತ್ರ.”

ನಾನು ಬಟ್ಟಲಿನಿಂದ ಉಳಿದ ದಾರದ ಚೂರುಗಳನ್ನು ಹೆಕ್ಕತೊಡಗಿದೆ.

“ಕೆಲವು ಸಲ ಊಟಕ್ಕೆ ಕೂತಾಗ ಅನ್ನೋರು, ಇನ್ನೂ ಹನ್ನೊಂದು ಜನ ಬಂದಿಲ್ಲ ಕಣೆ ಅಂತ. ರಿಪೇರಿಯಾದ ತಕ್ಕಡಿ ತಗೊಂಡು ಹೋಗಿಲ್ಲವೇನೋ ಅಂದ್ಕೊಂಡಿದ್ದೆ. ಹೇಳಿ ಕಳಿಸಿ ಅಂದ್ರೆ, ಅವರಾಗೇ ಬಂದು ಕೇಳಬೇಕು ಅನ್ನೋರು.”

ಆಗ ನನಗೆ ನಿಧಾನವಾಗಿ ತಿಳಿಯಿತು. ಸವೆದ ಬೇರೆ ಯಾವುದೋ ಭಾಗ ಸರಿಮಾಡಿಸಲು ತಕ್ಕಡಿ ಬರುತ್ತಿತ್ತು. ಅಪ್ಪ ಸೊಟ್ಟ ಅಲಗನ್ನು ಕಂಡು, ಸದ್ದಿಲ್ಲದೆ ತೆಗೆದು, ನೆಟ್ಟಗಿನದು ಹಾಕಿ ಕಳಿಸುತ್ತಿದ್ದ. ಯಜಮಾನರಿಗೆ ನಾಲ್ಕು ದಿನಕ್ಕೆ ಗೊತ್ತಾಗುತ್ತಿತ್ತು. ಬಂದು ನನ್ನ ಹಳೇದು ಕೊಡಿ ಎಂದು ಕೇಳುವುದು ಹೇಗೆ? ಕಳ್ಳನಿಗೆ ಚೇಳು ಕುಟುಕಿದ ಹಾಗೆ, ಕೂಗುವಂತಿಲ್ಲ. ನನಗೆ ನಗು ಬಂತು, ಅಳುವೂ ಬಂತು. ಇಷ್ಟಾದರೂ ಒಂದು ಅನುಮಾನ ಉಳಿದೇ ಇತ್ತು. ದಾರ ಒಂದು ಸಾಕ್ಷಿಯೇ? ನಾನೇ ಕತ್ತರಿಸಿ ಹಾಕಿದ ಸಾಕ್ಷಿ. ಅಮ್ಮನ ಮಾತು ಬಿಟ್ಟರೆ ನನ್ನ ಹತ್ತಿರ ಏನಿತ್ತು?

“ಹೋಗೋಣ,” ಎಂದಳು ಅಮ್ಮ. “ಬಿಳಿ ದಾರದ ಉಂಡೆ ತಾ.” ಕೂತು ಹನ್ನೊಂದಕ್ಕೂ ಹೊಸ ದಾರ ಕಟ್ಟಿದಳು. ಗಂಟು ಬಿಗಿಯಾಗಿತ್ತು.

ಭಾನುವಾರ ಸಭಾಂಗಣ ತುಂಬಿತ್ತು. ಹೊಸ ಬಣ್ಣದ ವಾಸನೆ, ತಲೆಯ ಮೇಲೆ ಎಂಟು ಫ್ಯಾನು. ಅಪ್ಪ ಫೋಟೊದಲ್ಲೂ ಮುಖ ಸಿಂಡರಿಸಿಕೊಂಡೇ ಇದ್ದ. ಅಮ್ಮ ಮುಂದಿನ ಸಾಲಿನಲ್ಲಿ ಕೂತು ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟಿದ್ದಳು. ಮಾವ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ. ಅಧ್ಯಕ್ಷರು ಅಪ್ಪನನ್ನು ಧರ್ಮಮೂರ್ತಿ ಎಂದೆಲ್ಲ ಹೊಗಳಿದರು. ಆಮೇಲೆ ನನ್ನನ್ನು ಕರೆದರು. ನಾನು ನನ್ನ ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅಧ್ಯಕ್ಷರ ಮುಖ ಸುಣ್ಣ ಬಳಿದ ಗೋಡೆಯಾಯಿತು.

ಬರೆದುಕೊಂಡು ಹೋದದ್ದೆಲ್ಲ ಮರೆತುಹೋಯಿತು. “ನಮ್ಮಪ್ಪ ಹಳೇದು ಇಟ್ಕೋತಿರಲಿಲ್ಲ, ಅದು ನಿಮಗೆಲ್ಲ ಗೊತ್ತು,” ಎಂದೆ. ಡಬ್ಬಿಯ ಮುಚ್ಚಳ ತೆಗೆದೆ. “ಇದರಲ್ಲಿ ವಾಪಸ್ ಕೊಡಬೇಕಾದ್ದು ಹನ್ನೊಂದು ಉಳಿದಿದೆ. ಯಾರದು ಅಂತ ನನಗೆ ಗೊತ್ತಿಲ್ಲ. ಅಪ್ಪ ಯಾರಿಗೂ ಹೇಳಿಲ್ಲ. ಇದು ಏನು ಅಂತಾನೂ ನಾನಿಲ್ಲಿ ಹೇಳಲ್ಲ. ಯಾರದ್ದೋ ಅವರು ಬಂದು ತಗೊಂಡು ಹೋಗಿ. ಯಾರೂ ಬರದೇ ಹೋದ್ರೆ ಇದೆಲ್ಲ ನಮ್ಮಪ್ಪಂದೇ ಅಂತ ಆಗುತ್ತೆ. ಹಾಗಾದ್ರೆ ಆ ಫೋಟೊ ಇಳಿಸಿಬಿಡಿ.”

ಎಣ್ಣೆಯವರು ತಮ್ಮ ಚಪ್ಪಲಿ ನೋಡುತ್ತಿದ್ದರು. ಮೊಳೆಯವರು ಕನ್ನಡಕ ಒರೆಸುತ್ತಿದ್ದರು. ನಾನು ಉಸಿರು ಹಿಡಿದು ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಒಬ್ಬರೂ ಏಳಲಿಲ್ಲ. ಮುಗಿಯಿತು, ಅಪ್ಪನ ಹೆಸರು ನಾನೇ ಕೈಯಾರೆ ತೊಳೆದುಹಾಕಿದೆ ಎಂದುಕೊಂಡೆ.

ಆಗ ಹಿಂದಿನಿಂದ ಕೋಲಿನ ಸದ್ದು ಬಂತು. ಕೊನೆಯ ಸಾಲಿನಿಂದ ಮಾವ ಎದ್ದಿದ್ದರು. ಅವರ ಮಗ ತೋಳು ಹಿಡಿದು ಕೂರಿಸಲು ನೋಡಿದ, ಅವರು ಕೊಡವಿಕೊಂಡರು. ಅಷ್ಟು ಉದ್ದದ ಸಭಾಂಗಣವನ್ನು ಒಂದೊಂದೇ ಹೆಜ್ಜೆ ಇಟ್ಟು ದಾಟಿ ಮೇಜಿನ ಹತ್ತಿರ ಬಂದರು. ಡಬ್ಬಿಯಲ್ಲಿ ಬೆರಳಾಡಿಸಿ, ಮೂಲೆ ಸ್ವಲ್ಪ ಚಕ್ಕೆ ಹೋದ ಒಂದು ತುಂಡನ್ನು ಹುಡುಕಿ ತೆಗೆದರು.

“ಇದು ನಂದು,” ಎಂದರು. ಎಲ್ಲರಿಗೂ ಕೇಳಿಸಿತು.

ಅವರು ಮಾತಾಡಿದ್ದು ನನ್ನೊಡನೆ, ಆದರೆ ನೋಡುತ್ತಿದ್ದದ್ದು ಅಮ್ಮನನ್ನು.

“ಚೀಲ ಹಾಕ್ಕೊಂಡು ಒಬ್ಬ ಮಾರೋಕೆ ಬರ್ತಿದ್ದ. ತಗೊಂಡೆ. ಎರಡು ವರ್ಷ ಹಾಕ್ಕೊಂಡಿದ್ದೆ. ತಟ್ಟೆ ಸರಪಳಿ ಕಿತ್ತೋಯ್ತು ಅಂತ ನಿಮ್ಮಪ್ಪನ ಹತ್ರ ಕೊಟ್ಟೆ, ಭಾವ ನೋಡಲ್ಲ ಅಂದ್ಕೊಂಡು. ವಾಪಸ್ ಬಂದಮೇಲೆ ಗೊತ್ತಾಯ್ತು. ಅಂಗಡಿ ಬಾಗಿಲವರೆಗೂ ಹೋದೆ. ಕಿಟಕೀಲಿ ನನ್ನ ನೋಡಿದ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ, ಕಾಯ್ತಾ ಇದ್ದ. ನನಗೆ ಒಳಗೆ ಹೋಗೋಕಾಗ್ಲಿಲ್ಲ. ಅವತ್ತಿಂದ ಹೋಗ್ಲೇ ಇಲ್ಲ.” ತುಂಡನ್ನು ಮುಷ್ಟಿಯಲ್ಲಿ ಹಿಡಿದರು. “ನಾನೊಬ್ಬನೇ ಅಂದ್ಕೊಂಡಿದ್ದೆ. ಮೂವತ್ತೊಂದು ವರ್ಷ, ಇಡೀ ಮಾರ್ಕೆಟ್ಟಲ್ಲಿ ನಾನೊಬ್ಬನೇ ಕಳ್ಳ ಅಂದ್ಕೊಂಡಿದ್ದೆ.”

ಅಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಮಾವ ಹೋಗಿ ಅಲ್ಲಿ ಕೂತರು.

ಆಮೇಲೆ ಚಹಾಕ್ಕೆ ಎಲ್ಲರೂ ಹೊರಗೆ ಹೋದರು. ನಾನು ಬೇಕೆಂದೇ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು, ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತೆ. ಯಾರು ಒಳಗೆ ಬಂದರು, ಯಾರು ಹೋದರು, ನೋಡಲಿಲ್ಲ. ತಿರುಗಿದಾಗ ಡಬ್ಬಿಯಲ್ಲಿ ಮೂರು ಉಳಿದಿದ್ದವು. ಒಬ್ಬಿಬ್ಬರು ಸತ್ತಿರಬೇಕು. ಫೋಟೊ ಗೋಡೆಯ ಮೇಲೇ ಇದೆ.

ಅಪ್ಪ ಮಾಡಿದ್ದು ಸರಿಯೋ ಎಂದು ಯಾರಾದರೂ ಕೇಳಿದರೆ ನನಗೆ ಇನ್ನೂ ಗೊತ್ತಿಲ್ಲ. ಆ ದಿನ ಕಿಟಕಿಯಿಂದ “ಬಾ” ಅಂದಿದ್ದರೆ ಇಬ್ಬರು ಮುದುಕರು ಇನ್ನೂ ಇಪ್ಪತ್ತೆರಡು ವರ್ಷ ಚದುರಂಗ ಆಡುತ್ತಿದ್ದರು. ಅಷ್ಟು ಸಲೀಸಾದ ಒಂದು ಮಾತು ಆ ಹಟಮಾರಿಯ ಬಾಯಿಗೆ ಬರಲಿಲ್ಲ. ಅದಕ್ಕೇ ಹೇಳಿದ್ದು, ಅಪ್ಪ ಎಂದರೆ ನನಗೆ ಮೊದಲು ಬರುವುದು ಸಿಟ್ಟು.

ಮಾವ ಈಗ ಭಾನುವಾರ ಬರುತ್ತಾರೆ. ಅಮ್ಮನಿಗೆ ಚದುರಂಗ ಬರುವುದಿಲ್ಲ, ಆದರೂ ಎದುರು ಕೂತು ಕಾಯಿ ನಡೆಸುತ್ತಾಳೆ, ತಪ್ಪು ನಡೆಸುತ್ತಾಳೆ. ಮಾವ ಅದನ್ನು ತಿದ್ದಿ ಸರಿಯಾದ ಮನೆಗೆ ಇಡುತ್ತಾರೆ. ಉಳಿದ ಮೂರು ತುಂಡು ನನ್ನ ಅಂಗಡಿಯಲ್ಲಿವೆ, ದಾರ ಕಟ್ಟಿಕೊಂಡು. ಕೇಳಲು ಬಂದವರಿಗೆ ನಾನು ಬಾ ಅನ್ನುತ್ತೇನೆ.